ಮೈಕೆಲ್ ಜೆ. ವೆಲ್ಶ್

ಮೈಕೆಲ್ ಜೆ. ವೆಲ್ಶ್ (ಜನನ: 1948) ಅಮೆರಿಕದ ಶ್ವಾಸಕೋಶ ತಜ್ಞ ವೈದ್ಯರು ಮತ್ತು ಸಂಶೋಧಕರು. ಅಯೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಇವರು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದ ಮೂಲವನ್ನು ಜೀವಕೋಶದ ಮಟ್ಟದಲ್ಲಿ ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು. ಈ ರೋಗದಲ್ಲಿ ಕೆಡುವ ಸಿಎಫ್‌ಟಿಆರ್ ಎಂಬ ಪ್ರೋಟೀನು ಕ್ಲೋರೈಡ್ ಅಯಾನುಗಳು ಹಾದುಹೋಗುವ ನಾಳವೆಂದು ಇವರ ತಂಡ ಸಿದ್ಧಪಡಿಸಿತು. ಅತಿ ಸಾಮಾನ್ಯವಾದ ದೋಷವುಳ್ಳ ಪ್ರೋಟೀನು ಸಂಪೂರ್ಣವಾಗಿ ನಿಷ್ಪ್ರಯೋಜಕವಲ್ಲ, ಅದನ್ನು ಸರಿಪಡಿಸಲು ಸಾಧ್ಯ ಎಂಬುದನ್ನೂ ಈ ತಂಡವೇ ತೋರಿಸಿತು. 2012ರಿಂದ ಬಳಕೆಗೆ ಬಂದಿರುವ, ರೋಗದ ಮೂಲ ದೋಷವನ್ನೇ ತಿದ್ದುವ ಔಷಧಗಳಿಗೆ ಈ ತಿಳಿವಳಿಕೆಯೇ ತಳಹದಿ. ವೆಲ್ಶ್ ಅವರಿಗೆ 2022ರಲ್ಲಿ ಶಾ ಪ್ರಶಸ್ತಿಯೂ 2025ರಲ್ಲಿ ಲಾಸ್ಕರ್ ಪ್ರಶಸ್ತಿಯೂ ಸಹಸಂಶೋಧಕರೊಡನೆ ಲಭಿಸಿವೆ.

ಶಿಕ್ಷಣ ಮತ್ತು ವೃತ್ತಿ

ವೆಲ್ಶ್ ಅವರು 1974ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಅನಂತರ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಶ್ವಾಸಕೋಶ ರೋಗಗಳ ಚಿಕಿತ್ಸೆಯಲ್ಲಿ ಪರಿಣತಿ ಪಡೆದು, ಹ್ಯೂಸ್ಟನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ತರಬೇತಿ ಪಡೆದರು. 1981ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಮರಳಿದ ಅವರು ಮುಂದಿನ ಸಂಶೋಧನೆಯನ್ನೆಲ್ಲ ಅಲ್ಲಿಯೇ ನಡೆಸಿದರು. 1989ರಲ್ಲಿ ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರಾಗಿ ಆಯ್ಕೆಯಾದರು. ಅದೇ ವಿಶ್ವವಿದ್ಯಾಲಯದ ಪ್ಯಾಪಾಜಾನ್ ಜೈವಿಕ ವೈದ್ಯಕೀಯ ಸಂಸ್ಥೆಯ ನಿರ್ದೇಶಕರಾಗಿಯೂ ಕಾರ್ಯನಿರ್ವಹಿಸಿದ್ದಾರೆ. ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರು.

ರೋಗಿಯನ್ನು ಪರೀಕ್ಷಿಸುವ ವೈದ್ಯನೇ ಪ್ರಯೋಗಾಲಯದಲ್ಲಿ ಆ ರೋಗದ ಕಾರಣವನ್ನೂ ಅರಸುವ ಪರಂಪರೆ ಆಧುನಿಕ ವೈದ್ಯಶಾಸ್ತ್ರದಲ್ಲಿ ಗಟ್ಟಿಯಾಗಿ ಬೇರೂರಿದೆ. ಇಂಥವರನ್ನು ವೈದ್ಯ-ವಿಜ್ಞಾನಿಗಳು ಎಂದು ಕರೆಯುತ್ತಾರೆ. ವೆಲ್ಶ್ ಅವರು ಈ ಪರಂಪರೆಗೆ ಸೇರಿದವರು.

ಸಿಸ್ಟಿಕ್ ಫೈಬ್ರೋಸಿಸ್ ರೋಗದ ಪರಿಚಯ

ವೆಲ್ಶ್ ಅವರ ಸಂಶೋಧನೆಯ ಮಹತ್ವ ತಿಳಿಯಲು ಈ ರೋಗದ ಸ್ವರೂಪವನ್ನು ಅರಿಯುವುದು ಅಗತ್ಯ. ಸಿಸ್ಟಿಕ್ ಫೈಬ್ರೋಸಿಸ್ ತಂದೆ ತಾಯಿಗಳಿಬ್ಬರಿಂದಲೂ ದೋಷಯುಕ್ತ ವಂಶವಾಹಿಯನ್ನು ಪಡೆದ ಮಗುವಿಗೆ ಮಾತ್ರ ಬರುವ ರೋಗ. ಒಂದೇ ದೋಷಯುಕ್ತ ಪ್ರತಿಯುಳ್ಳವರು ವಾಹಕರು. ಅವರಲ್ಲಿ ರೋಗ ಕಾಣಿಸಿಕೊಳ್ಳುವುದಿಲ್ಲ. ವಾಹಕರಾದ ದಂಪತಿಗಳಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಯೂರೋಪ್ ಮೂಲದ ಜನರಲ್ಲಿ ಸರಿಸುಮಾರು 25 ಮಂದಿಗೆ ಒಬ್ಬರು ವಾಹಕರಿದ್ದಾರೆ.

ರೋಗಿಯ ಶ್ವಾಸನಾಳಗಳಲ್ಲಿ ಲೋಳೆಯು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದರಲ್ಲಿ ಬ್ಯಾಕ್ಟೀರಿಯಗಳು ನೆಲೆಯೂರಿ ಮತ್ತೆ ಮತ್ತೆ ಸೋಂಕು ತಗಲುತ್ತದೆ. ವರ್ಷಗಳು ಕಳೆದಂತೆ ಶ್ವಾಸಕೋಶ ಹಾಳಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಗಳು ಕಟ್ಟಿಕೊಳ್ಳುವುದರಿಂದ ಜೀರ್ಣರಸಗಳು ಕರುಳನ್ನು ತಲಪುವುದಿಲ್ಲ. ಮಗು ಎಷ್ಟು ಉಂಡರೂ ಮೈಹತ್ತುವುದಿಲ್ಲ. ಕೆಲವು ಶಿಶುಗಳಿಗೆ ಹುಟ್ಟುವಾಗಲೇ ಕರುಳು ಕಟ್ಟಿಕೊಂಡಿರುತ್ತದೆ. ರೋಗಿಯ ಬೆವರಿನಲ್ಲಿ ಉಪ್ಪಿನ ಅಂಶ ವಿಪರೀತವಾಗಿರುತ್ತದೆ. ಮುತ್ತಿಟ್ಟಾಗ ಹಣೆ ಉಪ್ಪೆನಿಸುವ ಮಗು ಹೆಚ್ಚು ಕಾಲ ಬದುಕದೆಂಬ ನಂಬಿಕೆ ಯೂರೋಪಿನ ಜನಪದರಲ್ಲಿ ಬಹುಕಾಲದಿಂದ ಇತ್ತು.

1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆಂಡರ್ಸನ್ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರಿಸಿದರು. ಆ ಕಾಲದಲ್ಲಿ ರೋಗಕ್ಕೆ ತುತ್ತಾದ ಮಕ್ಕಳಲ್ಲಿ ಹೆಚ್ಚಿನವರು ಶೈಶವದಲ್ಲಿಯೇ ತೀರಿಕೊಳ್ಳುತ್ತಿದ್ದರು. 1953ರಲ್ಲಿ ಪಾಲ್ ಡಿ ಸಾಂಟ್ ಆಗ್ನೀಸ್ ಮತ್ತು ಅವರ ಸಂಗಡಿಗರು ಬೆವರಿನ ಉಪ್ಪಿನ ಹೆಚ್ಚಳವನ್ನು ವರದಿ ಮಾಡಿದರು. ಬೆವರಿನ ಕ್ಲೋರೈಡನ್ನು ಅಳೆಯುವ ಪರೀಕ್ಷೆ ಇಂದಿಗೂ ರೋಗನಿರ್ಣಯದ ಮುಖ್ಯ ಸಾಧನ. ಪ್ರತಿಜೀವಕಗಳು, ಜೀರ್ಣಕಿಣ್ವಗಳ ಮಾತ್ರೆ ಮತ್ತು ಎದೆ ಬೆನ್ನುಗಳನ್ನು ತಟ್ಟಿ ಕಫ ಹೊರಡಿಸುವ ಕ್ರಮಗಳಿಂದ ಆಯುಷ್ಯ ನಿಧಾನವಾಗಿ ಹೆಚ್ಚಿತು. ಆದರೂ ಅವೆಲ್ಲ ಪರಿಣಾಮಗಳಿಗೆ ಮಾಡುವ ಉಪಚಾರಗಳಾಗಿದ್ದವು; ಮೂಲ ಕಾರಣ ಏನೆಂದು ಯಾರಿಗೂ ತಿಳಿದಿರಲಿಲ್ಲ.

ಉಪ್ಪಿನ ಹಾದಿಯ ಹುಡುಕಾಟ

ನಮ್ಮ ಶ್ವಾಸನಾಳದ ಒಳಮೈಯನ್ನು ಅನುಲೇಪಕ ಅಂಗಾಂಶದ ಪದರವೊಂದು ಹೊದ್ದುಕೊಂಡಿದೆ. ಆ ಪದರದ ಮೇಲೆ ತೆಳ್ಳನೆಯ ದ್ರವ, ದ್ರವದ ಮೇಲೆ ಲೋಳೆ ಇರುತ್ತವೆ. ಉಸಿರಿನೊಡನೆ ಒಳಬಂದ ಧೂಳು ಮತ್ತು ರೋಗಾಣುಗಳು ಲೋಳೆಗೆ ಅಂಟಿಕೊಳ್ಳುತ್ತವೆ. ಜೀವಕೋಶಗಳ ಮೇಲಿರುವ ಕೂದಲಿನಂಥ ಲೋಮಾಂಗಗಳು ಒಂದೇ ಲಯದಲ್ಲಿ ಬೀಸುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಈ ದ್ರವದ ಪ್ರಮಾಣ ಮತ್ತು ಗುಣಗಳು ಜೀವಕೋಶಗಳ ಮೂಲಕ ಹಾಯುವ ಉಪ್ಪಿನ ಅಯಾನುಗಳನ್ನು ಅವಲಂಬಿಸಿವೆ. ಉಪ್ಪು ಹೋದತ್ತ ನೀರು ಹೋಗುತ್ತದೆ ಎಂಬುದು ಶರೀರಕ್ರಿಯಾಶಾಸ್ತ್ರದ ಸರಳ ನಿಯಮ.

ವೆಲ್ಶ್ ಅವರು ವೃತ್ತಿಯ ಆರಂಭದಲ್ಲಿ ಎತ್ತಿಕೊಂಡದ್ದು ಈ ಮೂಲಭೂತ ಪ್ರಶ್ನೆಯನ್ನೇ: ಶ್ವಾಸನಾಳದ ಜೀವಕೋಶಗಳು ಕ್ಲೋರೈಡನ್ನು ಹೇಗೆ ಸಾಗಿಸುತ್ತವೆ? ಅಷ್ಟರಲ್ಲಿ ಈ ಪ್ರಶ್ನೆಗೂ ಸಿಸ್ಟಿಕ್ ಫೈಬ್ರೋಸಿಸ್ ರೋಗಕ್ಕೂ ಇರುವ ನಂಟು ಬೇರೆಡೆಗಳಿಂದ ಕಾಣತೊಡಗಿತ್ತು. ರೋಗಿಗಳ ಶ್ವಾಸಮಾರ್ಗದ ಒಳಪದರದಲ್ಲಿ ವಿದ್ಯುತ್ ವಿಭವಾಂತರ ಅಸಹಜವಾಗಿದೆ ಎಂದು ಮೈಕೆಲ್ ನೋಲ್ಸ್ ಮತ್ತು ರಿಚರ್ಡ್ ಬೌಚರ್ 1981ರಲ್ಲಿ ತೋರಿಸಿದರು. ರೋಗಿಗಳ ಬೆವರು ಗ್ರಂಥಿಯ ನಾಳಗಳು ಕ್ಲೋರೈಡನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಪಾಲ್ ಕ್ವಿಂಟನ್ 1983ರಲ್ಲಿ ಕಂಡುಕೊಂಡರು. ಬೆವರು ಗ್ರಂಥಿಯ ಬುಡದಲ್ಲಿ ಹುಟ್ಟುವಾಗ ಉಪ್ಪಾಗಿಯೇ ಇರುತ್ತದೆ. ಚರ್ಮದ ಕಡೆಗೆ ಬರುವ ದಾರಿಯಲ್ಲಿ ದೇಹ ಆ ಉಪ್ಪನ್ನು ಮರಳಿ ಹೀರಿಕೊಳ್ಳುತ್ತದೆ. ಕ್ಲೋರೈಡಿನ ಬಾಗಿಲು ಮುಚ್ಚಿದ್ದರೆ ಈ ಮರುಹೀರಿಕೆ ನಡೆಯದೆ ಬೆವರು ಉಪ್ಪಾಗಿಯೇ ಹೊರಬರುತ್ತದೆ. ಶ್ವಾಸನಾಳದಲ್ಲಿ ಅದೇ ಬಾಗಿಲು ಉಪ್ಪನ್ನು ಹೊರಗೆ ಬಿಡಬೇಕು; ಅಲ್ಲಿ ಮುಚ್ಚಿದ್ದರೆ ಮೇಲ್ಮೈ ದ್ರವ ಕೆಡುತ್ತದೆ. ಹೀಗೆ ಒಂದೇ ದೋಷ ಎರಡು ಕಡೆ ಎರಡು ವಿಧವಾಗಿ ಕಾಣಿಸಿಕೊಳ್ಳುತ್ತದೆ.

1986ರಲ್ಲಿ ವೆಲ್ಶ್ ಅವರು ಮನುಷ್ಯರ ಶ್ವಾಸನಾಳದ ಜೀವಕೋಶಗಳ ಹೊರಮುಖದ ಪೊರೆಯಲ್ಲಿ ಕ್ಲೋರೈಡ್ ನಾಳವನ್ನು ಗುರುತಿಸಿದ ವರದಿಯನ್ನು ಪ್ರಕಟಿಸಿದರು. ರೋಗಿಗಳ ಜೀವಕೋಶಗಳಲ್ಲಿ ಕ್ಲೋರೈಡ್ ನಾಳದ ನಿಯಂತ್ರಣ ತಪ್ಪಿದೆ ಎಂದು ಅದೇ ವರ್ಷ ಅವರೂ ಇತರರೂ ತೋರಿಸಿದರು. ಆದರೆ ಆ ನಿಯಂತ್ರಣ ತಪ್ಪಿಸಿದ ಅಣು ಯಾವುದೆಂಬುದು ಉಳಿದೇ ಇತ್ತು.

ಸಿಎಫ್‌ಟಿಆರ್ ಕ್ಲೋರೈಡ್ ನಾಳವೆಂಬ ನಿರ್ಣಯ

1989ರಲ್ಲಿ ಲ್ಯಾಪ್-ಚೀ ಸುಯ್, ಜಾನ್ ರಿಯೊರ್ಡನ್ ಮತ್ತು ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು 7ನೆಯ ವರ್ಣತಂತುವಿನಲ್ಲಿ ರೋಗದ ವಂಶವಾಹಿಯನ್ನು ಪತ್ತೆಹಚ್ಚಿದವು. ಅದು ರೂಪಿಸುವ, 1480 ಅಮೈನೋ ಆಮ್ಲಗಳ ಪ್ರೋಟೀನಿಗೆ ಸಿಎಫ್‌ಟಿಆರ್ ಎಂಬ ಹೆಸರು ಬಂದಿತು. ಹೆಚ್ಚಿನ ರೋಗಿಗಳಲ್ಲಿ ಈ ಸರಣಿಯ 508ನೆಯ ಸ್ಥಾನದ ಫೀನೈಲ್‌ಅಲನಿನ್ ಎಂಬ ಒಂದೇ ಒಂದು ಅಮೈನೋ ಆಮ್ಲ ಬಿಟ್ಟುಹೋಗಿತ್ತು. ಈ ದೋಷವನ್ನು ಎಫ್508ಡೆಲ್ ಎಂದು ಕರೆಯುತ್ತಾರೆ.

ವಂಶವಾಹಿ ಸಿಕ್ಕಿತಾದರೂ ಆ ಪ್ರೋಟೀನು ಮಾಡುವ ಕೆಲಸ ತಿಳಿಯಲಿಲ್ಲ. ಅದರ ರಚನೆ ಆಗ ತಿಳಿದಿದ್ದ ಅಯಾನು ನಾಳಗಳನ್ನು ಹೋಲುತ್ತಿರಲಿಲ್ಲ. ಶಕ್ತಿ ಬಳಸಿ ವಸ್ತುಗಳನ್ನು ಪೊರೆಯಾಚೆಗೆ ಸಾಗಿಸುವ ವಾಹಕ ಪ್ರೋಟೀನುಗಳ ಕುಟುಂಬಕ್ಕೆ ಅದು ಸೇರಿತ್ತು. ಆದ್ದರಿಂದ ಅದು ಬೇರೊಂದು ನಾಳವನ್ನು ನಿಯಂತ್ರಿಸುವ ಪ್ರೋಟೀನು ಇರಬಹುದೆಂದು ಹಲವರು ಭಾವಿಸಿದ್ದರು.

1990ರಲ್ಲಿ ವೆಲ್ಶ್ ಅವರ ತಂಡವು ಜೆನ್‌ಜೈಮ್ ಸಂಸ್ಥೆಯ ಅಲನ್ ಸ್ಮಿತ್ ಮತ್ತು ಸಂಗಡಿಗರ ಸಹಯೋಗದಲ್ಲಿ ರೋಗಿಯ ಶ್ವಾಸನಾಳದ ಜೀವಕೋಶಗಳಿಗೆ ಆರೋಗ್ಯವಂತ ಸಿಎಫ್‌ಟಿಆರ್ ವಂಶವಾಹಿಯನ್ನು ಸೇರಿಸಿತು. ಆ ಜೀವಕೋಶಗಳಲ್ಲಿ ಕ್ಲೋರೈಡ್ ಸಾಗಣೆ ಸರಿಹೋಯಿತು. ಕಾಲಿನ್ಸ್ ಅವರನ್ನೊಳಗೊಂಡ ಮತ್ತೊಂದು ತಂಡವೂ ಅದೇ ವರ್ಷ ಸ್ವತಂತ್ರವಾಗಿ ಇಂಥದೇ ಫಲಿತಾಂಶ ಪ್ರಕಟಿಸಿತು. ಆದರೂ ಸಿಎಫ್‌ಟಿಆರ್ ತಾನೇ ನಾಳವೋ ಅಥವಾ ಬೇರೆ ನಾಳವನ್ನು ಎಚ್ಚರಿಸುವುದೋ ಎಂಬ ಸಂದೇಹ ಇದರಿಂದ ಪರಿಹಾರವಾಗಲಿಲ್ಲ.

1991ರ ಪ್ರಯೋಗ ಅದನ್ನು ಪರಿಹರಿಸಿತು. ಅದರ ತರ್ಕ ಸರಳವಾಗಿದೆ. ಕೆರೆಯ ತೂಬಿನ ಬಾಯಿಯ ಆಕಾರ ಬದಲಿಸಿದರೆ ಹರಿಯುವ ನೀರಿನ ರೀತಿಯೂ ಬದಲಾಗುತ್ತದೆ. ತೂಬನ್ನು ಎತ್ತುವ ನೀರುಗಂಟಿಯನ್ನು ಬದಲಿಸಿದರೆ ಹರಿವಿನ ರೀತಿ ಬದಲಾಗದು. ಅಂತೆಯೇ ವೆಲ್ಶ್ ಅವರ ತಂಡ ಸಿಎಫ್‌ಟಿಆರ್ ಪ್ರೋಟೀನಿನ 95 ಮತ್ತು 335ನೆಯ ಸ್ಥಾನಗಳ ಲೈಸೀನ್ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಬದಲಿಸಿತು. ಸಹಜ ಪ್ರೋಟೀನು ಅಯೊಡೈಡಿಗಿಂತ ಕ್ಲೋರೈಡನ್ನು ಹೆಚ್ಚು ಸುಲಭವಾಗಿ ಬಿಡುತ್ತಿತ್ತು. ಬದಲಿಸಿದ ಪ್ರೋಟೀನು ಕ್ಲೋರೈಡಿಗಿಂತ ಅಯೊಡೈಡಿಗೆ ಹೆಚ್ಚು ದಾರಿ ಕೊಟ್ಟಿತು. ಅಯಾನುಗಳ ಆಯ್ಕೆಯೇ ಬದಲಾದುದರಿಂದ ಅವು ಸಿಎಫ್‌ಟಿಆರ್ ಮೂಲಕವೇ ಹಾಯುತ್ತಿವೆ ಎಂಬುದು ಸ್ಪಷ್ಟವಾಯಿತು. ಮರುವರ್ಷ ಟೊರಾಂಟೊದ ಕ್ರಿಸ್ಟೀನ್ ಬೇರ್ ಮತ್ತು ಸಂಗಡಿಗರು ಶುದ್ಧೀಕರಿಸಿದ ಸಿಎಫ್‌ಟಿಆರ್ ಒಂದನ್ನೇ ಕೃತಕ ಪೊರೆಯಲ್ಲಿಟ್ಟು ಅದು ನಾಳವಾಗಿ ವರ್ತಿಸುವುದನ್ನು ತೋರಿಸಿ ಈ ನಿರ್ಣಯವನ್ನು ಗಟ್ಟಿಗೊಳಿಸಿದರು. ಈ ನಾಳ ತೆರೆಯಲು ಎಟಿಪಿ ಅಣು ಬೇಕೆಂಬುದನ್ನೂ, ಪ್ರೋಟೀನಿನ ಆರ್ ಎಂಬ ಭಾಗ ಅದರ ನಿಯಂತ್ರಣದಲ್ಲಿ ಪಾತ್ರ ವಹಿಸುತ್ತದೆ ಎಂಬುದನ್ನೂ ವೆಲ್ಶ್ ತಂಡ ಇದೇ ಅವಧಿಯಲ್ಲಿ ಕಂಡುಕೊಂಡಿತು.

ದಾರಿ ತಪ್ಪಿದ ಪ್ರೋಟೀನು

ಎಫ್508ಡೆಲ್ ದೋಷವಿದ್ದಾಗ ಪ್ರೋಟೀನಿಗೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಪ್ರತಿಯೊಂದು ಪ್ರೋಟೀನೂ ತಯಾರಾದ ಮೇಲೆ ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಳ್ಳಬೇಕು. ಸರಿಯಾಗಿ ಮಡಚಿಕೊಳ್ಳದವನ್ನು ಜೀವಕೋಶದ ಒಳಗಿನ ತಪಾಸಣಾ ವ್ಯವಸ್ಥೆ ತಡೆದು ನಾಶಮಾಡುತ್ತದೆ. ಎಫ್508ಡೆಲ್ ಪ್ರೋಟೀನು ಜೀವಕೋಶದ ಹೊರಪೊರೆಯನ್ನು ತಲಪುವ ಮೊದಲೇ ಒಳಗೆ ಸಿಕ್ಕಿಬೀಳುತ್ತದೆ ಎಂದು ಜೆನ್‌ಜೈಮ್‌ನ ಸೆಂಗ್ ಚೆಂಗ್ ಮೊದಲಾದವರು 1990ರಲ್ಲಿ ತೋರಿಸಿದರು. ಬಾಗಿಲು ತಯಾರಾಗಿದೆ, ಆದರೆ ಗೋಡೆಯಲ್ಲಿ ಕೂರಿಸುವ ಮುನ್ನವೇ ಅದನ್ನು ತಿರಸ್ಕರಿಸಲಾಗಿದೆ.

1992ರಲ್ಲಿ ಬಂದ ಫಲಿತಾಂಶ ಇನ್ನೂ ಮಹತ್ವದ್ದು. ದೇಹದ ಸಹಜ ಉಷ್ಣತೆಯಾದ 37 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಜೀವಕೋಶಗಳನ್ನು ಬೆಳೆಸಿದಾಗ ದೋಷಯುಕ್ತ ಪ್ರೋಟೀನಿನ ಒಂದು ಪಾಲು ಹೊರಪೊರೆಯನ್ನು ತಲಪಿತು. ತಲಪಿದ್ದಷ್ಟೇ ಅಲ್ಲ, ಕ್ಲೋರೈಡನ್ನು ಹಾಯಲೂ ಬಿಟ್ಟಿತು. ರೋಗಿಯ ದೇಹವನ್ನು ತಂಪಾಗಿಸಿಡಲು ಸಾಧ್ಯವಿಲ್ಲ. ಆದುದರಿಂದ ಇದು ಚಿಕಿತ್ಸೆಯಲ್ಲ. ಆದರೆ ಇದು ಒಂದು ನಿರಾಶೆಯನ್ನು ತೊಡೆದುಹಾಕಿತು. ಪ್ರೋಟೀನು ಹುಟ್ಟಿನಿಂದಲೇ ಕೆಲಸಕ್ಕೆ ಬಾರದ್ದಾಗಿದ್ದರೆ ಔಷಧ ಹುಡುಕಿ ಫಲವಿರಲಿಲ್ಲ. ಮಡಚಿಕೆಗೆ ನೆರವಾದರೆ ಅದು ದುಡಿಯಬಲ್ಲದು ಎಂದು ತಿಳಿದ ಮೇಲೆ, ಅಂಥ ನೆರವು ನೀಡುವ ರಾಸಾಯನಿಕವನ್ನು ಅರಸುವುದು ಅರ್ಥಪೂರ್ಣವಾಯಿತು.

1993ರಲ್ಲಿ ವೆಲ್ಶ್ ಮತ್ತು ಅಲನ್ ಸ್ಮಿತ್ ಅವರು ಸಿಎಫ್‌ಟಿಆರ್ ದೋಷಗಳನ್ನು ಅವು ಉಂಟುಮಾಡುವ ಹಾನಿಯ ರೀತಿಗೆ ಅನುಗುಣವಾಗಿ ನಾಲ್ಕು ವರ್ಗಗಳಾಗಿ ವಿಂಗಡಿಸಿದರು.

1. ಪ್ರೋಟೀನೇ ತಯಾರಾಗದಿರುವುದು.
2. ತಯಾರಾದರೂ ಸರಿಯಾಗಿ ಮಡಚಿಕೊಳ್ಳದೆ ಹೊರಪೊರೆಯನ್ನು ತಲಪದಿರುವುದು. ಎಫ್508ಡೆಲ್ ಈ ವರ್ಗದ್ದು.
3. ಹೊರಪೊರೆಯನ್ನು ತಲಪಿದರೂ ನಾಳ ತೆರೆದುಕೊಳ್ಳದಿರುವುದು. ಜಿ551ಡಿ ಎಂಬ ದೋಷ ಇದಕ್ಕೆ ನಿದರ್ಶನ.
4. ತೆರೆದುಕೊಂಡರೂ ಅಯಾನುಗಳು ಸರಾಗವಾಗಿ ಹಾಯದಿರುವುದು.

ಇದನ್ನು ಮುಂದೆ ಇತರ ಸಂಶೋಧಕರು ವಿಸ್ತರಿಸಿದ್ದಾರೆ. ಈ ವಂಶವಾಹಿಯಲ್ಲಿ ಈವರೆಗೆ 2000ಕ್ಕೂ ಹೆಚ್ಚು ವ್ಯತ್ಯಾಸಗಳು ದಾಖಲಾಗಿವೆ. ಅವುಗಳಲ್ಲಿ ಎಲ್ಲವೂ ರೋಗಕಾರಕವಲ್ಲ. ಒಂದೊಂದಕ್ಕೂ ಒಂದೊಂದು ಔಷಧ ಕಂಡುಹಿಡಿಯುವುದು ಅಸಾಧ್ಯ. ವರ್ಗೀಕರಣದಿಂದ ಪ್ರಶ್ನೆ ಕಿರಿದಾಯಿತು: ಎರಡನೆಯ ವರ್ಗಕ್ಕೆ ಮಡಚಿಕೆಯನ್ನು ತಿದ್ದುವ ಔಷಧ ಬೇಕು, ಮೂರನೆಯ ವರ್ಗಕ್ಕೆ ನಾಳವನ್ನು ತೆರೆದಿಡುವ ಔಷಧ ಬೇಕು.

ವಂಶವಾಹಿ ಚಿಕಿತ್ಸೆಯ ಪ್ರಯತ್ನ

ಸರಿಯಾದ ವಂಶವಾಹಿಯನ್ನೇ ರೋಗಿಯ ದೇಹಕ್ಕೆ ಸೇರಿಸುವ ಯತ್ನವನ್ನೂ ಅಯೋವಾ ತಂಡ ಮಾಡಿತು. 1993ರಲ್ಲಿ ಜೋಸೆಫ್ ಜಾಬ್ನರ್, ವೆಲ್ಶ್ ಮತ್ತು ಸಂಗಡಿಗರು ಮೂವರು ರೋಗಿಗಳ ಮೂಗಿನ ಒಳಪದರಕ್ಕೆ ಅಡೆನೊವೈರಸ್ ಮೂಲಕ ಸಿಎಫ್‌ಟಿಆರ್ ವಂಶವಾಹಿಯನ್ನು ತಲಪಿಸಿದರು. ಕ್ಲೋರೈಡ್ ಸಾಗಣೆಯ ದೋಷ ತಾತ್ಕಾಲಿಕವಾಗಿ ಸರಿಹೋದುದು ಕಂಡುಬಂದಿತು. ಆದರೆ ರೋಗಾಣುಗಳನ್ನು ತಡೆಯಲೆಂದೇ ರೂಪುಗೊಂಡಿರುವ ಶ್ವಾಸಕೋಶ ಔಷಧ ಹೊತ್ತು ಬಂದ ವೈರಾಣುವನ್ನೂ ತಡೆಯುತ್ತದೆ. ಪರಿಣಾಮವನ್ನು ಬಹುಕಾಲ ಉಳಿಸಿಕೊಳ್ಳುವುದು ಕಷ್ಟವೆಂದು ಈ ಕ್ಷೇತ್ರದಲ್ಲಿ ದುಡಿದ ಎಲ್ಲರಿಗೂ ಮನವರಿಕೆಯಾಯಿತು. ಆ ಮಾರ್ಗದ ಸಂಶೋಧನೆ ಇಂದಿಗೂ ಮುಂದುವರಿದಿದೆ.

ಔಷಧಗಳ ಆವಿಷ್ಕಾರ

ಔಷಧದ ಹುಡುಕಾಟ ನಡೆದದ್ದು ಮುಖ್ಯವಾಗಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದಲ್ಲಿ. ಅಲ್ಲಿನ ಅರೋರಾ ಬಯೋಸೈನ್ಸಸ್ ಸಂಸ್ಥೆಗೆ ಸಿಸ್ಟಿಕ್ ಫೈಬ್ರೋಸಿಸ್ ಫೌಂಡೇಶನ್ ಧನಸಹಾಯ ನೀಡಿತು. 2001ರಲ್ಲಿ ಆ ಸಂಸ್ಥೆಯನ್ನು ವರ್ಟೆಕ್ಸ್ ಕಂಪನಿ ಕೊಂಡುಕೊಂಡಿತು. ಹೆಸೂಸ್ ಗೊನ್ಸಾಲೆಸ್ ಅವರು ಅಭಿವೃದ್ಧಿಪಡಿಸಿದ, ಪೊರೆಯ ವಿದ್ಯುತ್ ವಿಭವವನ್ನು ಬೆಳಕಿನ ಬದಲಾವಣೆಯಾಗಿ ತೋರಿಸುವ ವರ್ಣಕಗಳ ಸಹಾಯದಿಂದ ಅಪಾರ ಸಂಖ್ಯೆಯ ರಾಸಾಯನಿಕಗಳನ್ನು ಜೀವಕೋಶಗಳ ಮೇಲೆ ಬೇಗಬೇಗ ಪರೀಕ್ಷಿಸಲು ಸಾಧ್ಯವಾಯಿತು. ಪಾಲ್ ನೆಗುಲೆಸ್ಕು ಅವರು ಈ ಯೋಜನೆಯ ನೇತೃತ್ವ ವಹಿಸಿದರು.

ನಾಳ ತೆರೆದುಕೊಳ್ಳಲು ನೆರವಾಗುವ ಐವಕಾಫ್ಟರ್ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಅದು ಮೊದಲಿಗೆ ಜಿ551ಡಿ ದೋಷವುಳ್ಳ ಕೆಲವೇ ರೋಗಿಗಳಿಗೆ ಸೀಮಿತವಾಗಿತ್ತು. ಎಫ್508ಡೆಲ್ ದೋಷಕ್ಕೆ ಒಂದೇ ಔಷಧ ಸಾಲಲಿಲ್ಲ. ಮಡಚಿಕೆಯನ್ನು ತಿದ್ದುವ ಎಲೆಕ್ಸಕಾಫ್ಟರ್ ಮತ್ತು ಟೆಜಕಾಫ್ಟರ್ ಔಷಧಗಳನ್ನು ಐವಕಾಫ್ಟರ್ ಜೊತೆ ಸೇರಿಸಿದ ತ್ರಿವಳಿ ಔಷಧಕ್ಕೆ 2019ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಎಫ್508ಡೆಲ್ ದೋಷದ ಒಂದು ಪ್ರತಿಯುಳ್ಳ ರೋಗಿಗಳ ಮೇಲೆ ನಡೆದ ಪ್ರಮುಖ ಪರೀಕ್ಷೆಯಲ್ಲಿ, ಒಂದು ಸೆಕೆಂಡಿನಲ್ಲಿ ಹೊರಹಾಕಬಲ್ಲ ಉಸಿರಿನ ಪ್ರಮಾಣ ಔಷಧರಹಿತ ಮಾತ್ರೆ ಪಡೆದವರಿಗಿಂತ ಸುಮಾರು 14 ಶೇಕಡಾಂಶಗಳಷ್ಟು ಉತ್ತಮಗೊಂಡಿತು. ರೋಗ ಉಲ್ಬಣಿಸುವ ಪ್ರಮಾಣ ಶೇ. 63ರಷ್ಟು ಕಡಿಮೆಯಾಯಿತು. ಬೆವರಿನ ಕ್ಲೋರೈಡ್ ಇಳಿದುದು ಔಷಧ ಮೂಲ ದೋಷವನ್ನೇ ತಾಕಿದೆ ಎಂಬುದಕ್ಕೆ ಸಾಕ್ಷಿಯಾಯಿತು.

ಹಂದಿಮರಿಗಳಲ್ಲಿ ಶ್ವಾಸಮಾರ್ಗದ ಅಧ್ಯಯನ

ಕ್ಲೋರೈಡ್ ನಾಳ ಕೆಟ್ಟರೆ ಶ್ವಾಸಕೋಶದಲ್ಲಿ ಸೋಂಕು ಏಕೆ ನಿಲ್ಲುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಇದಕ್ಕೆ ವೆಲ್ಶ್ ಅವರು ಮೊದಲು ನೀಡಿದ ಉತ್ತರ ಮುಂದೆ ಬದಲಾಯಿತು. ಶ್ವಾಸನಾಳದ ಮೇಲ್ಮೈ ದ್ರವಕ್ಕೆ ಸಹಜವಾಗಿ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಶಕ್ತಿಯಿದೆ, ರೋಗಿಗಳಲ್ಲಿ ಉಪ್ಪು ಹೆಚ್ಚಾಗಿ ಆ ಶಕ್ತಿ ಕುಂದುತ್ತದೆ ಎಂದು ಅವರ ತಂಡ 1996ರಲ್ಲಿ ಪ್ರತಿಪಾದಿಸಿತು. ಬೌಚರ್ ಅವರ ತಂಡ ಇದನ್ನು ಒಪ್ಪಲಿಲ್ಲ. ಉಪ್ಪಿನ ಸಾಂದ್ರತೆ ಬದಲಾಗಿಲ್ಲ, ದ್ರವದ ಪ್ರಮಾಣ ಕುಗ್ಗಿ ಲೋಳೆಯ ಸಾಗಣೆ ನಿಲ್ಲುತ್ತದೆ ಎಂಬುದು ಅವರ ವಾದ.

ವಿವಾದ ಬಗೆಹರಿಸಲು ಯೋಗ್ಯ ಪ್ರಾಣಿ ಮಾದರಿ ಇರಲಿಲ್ಲ. ಸಿಎಫ್‌ಟಿಆರ್ ಇಲ್ಲದ ಇಲಿಗಳಲ್ಲಿ ಮನುಷ್ಯರಂಥ ಶ್ವಾಸಕೋಶ ರೋಗ ಬರುತ್ತಿರಲಿಲ್ಲ. ರೋಗಿಗಳನ್ನು ನೋಡಿ ನಿರ್ಣಯಿಸುವುದೂ ಕಷ್ಟವಾಗಿತ್ತು. ಅವರು ಚಿಕಿತ್ಸೆಗೆ ಬರುವ ವೇಳೆಗೆ ಸೋಂಕು ಮತ್ತು ಉರಿಯೂತಗಳು ಬೆರೆತು, ಯಾವುದು ಮೊದಲು ಯಾವುದು ಅನಂತರ ಎಂದು ಹೇಳಲಾಗುತ್ತಿರಲಿಲ್ಲ. ಮಿಸ್ಸೂರಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಸಹಯೋಗದಲ್ಲಿ ಸಿಎಫ್‌ಟಿಆರ್ ವಂಶವಾಹಿ ನಿಷ್ಕ್ರಿಯಗೊಂಡ ಹಂದಿಗಳನ್ನು ಪಡೆದ ವರದಿಯನ್ನು ಅಯೋವಾ ತಂಡ 2008ರಲ್ಲಿ ಪ್ರಕಟಿಸಿತು. ಹಂದಿಯ ಶ್ವಾಸಕೋಶ ಗಾತ್ರದಲ್ಲಿಯೂ ರಚನೆಯಲ್ಲಿಯೂ ಮನುಷ್ಯರದಕ್ಕೆ ಹತ್ತಿರ. ಈ ಮರಿಗಳಲ್ಲಿ ಕರುಳು ಕಟ್ಟಿಕೊಳ್ಳುವುದು, ಮೇದೋಜೀರಕ ಗ್ರಂಥಿ ನಾಶವಾಗುವುದು ಮೊದಲಾದ ಲಕ್ಷಣಗಳು ಹುಟ್ಟುವಾಗಲೇ ಇದ್ದವು. ಶ್ವಾಸಕೋಶದಲ್ಲಿ ಮಾತ್ರ ಉರಿಯೂತ ಇರಲಿಲ್ಲ. ತಿಂಗಳುಗಳು ಕಳೆದಂತೆ ಅಲ್ಲಿಯೂ ರೋಗ ಕಾಣಿಸಿಕೊಂಡಿತು.

2010ರ ಅಧ್ಯಯನದಲ್ಲಿ, ಆಗತಾನೆ ಹುಟ್ಟಿದ ಈ ಮರಿಗಳು ಉರಿಯೂತವಿಲ್ಲದಿದ್ದರೂ ಬ್ಯಾಕ್ಟೀರಿಯಗಳನ್ನು ನಿವಾರಿಸಿಕೊಳ್ಳಲಾರವು ಎಂದು ತಿಳಿಯಿತು. ಅಂದರೆ ರಕ್ಷಣೆಯ ವೈಫಲ್ಯ ಮೊದಲು, ಉರಿಯೂತ ಅನಂತರ. ಈ ವೈಫಲ್ಯಕ್ಕೆ ತಂಡ ಎರಡು ಕಾರಣಗಳನ್ನು ಗುರುತಿಸಿತು.

ಮೊದಲನೆಯದು ಮೇಲ್ಮೈ ದ್ರವದ ಆಮ್ಲೀಯತೆ. ಸಂಶೋಧಕರು ಚಿನ್ನದ ಪುಟ್ಟ ಜಾಲರಿಗಳಿಗೆ ಬ್ಯಾಕ್ಟೀರಿಯಗಳನ್ನು ಅಂಟಿಸಿ ಹಂದಿಮರಿಗಳ ಶ್ವಾಸನಾಳದ ಮೇಲಿಟ್ಟು, ಎಷ್ಟು ಸತ್ತವೆಂದು ಎಣಿಸಿದರು. ಆರೋಗ್ಯವಂತ ಮರಿಗಳಿಗಿಂತ ರೋಗಗ್ರಸ್ತ ಮರಿಗಳಲ್ಲಿ ಸತ್ತವುಗಳ ಸಂಖ್ಯೆ ಕಡಿಮೆಯಿತ್ತು. ಸಿಎಫ್‌ಟಿಆರ್ ಮೂಲಕ ಕ್ಲೋರೈಡಿನಂತೆ ಬೈಕಾರ್ಬನೇಟ್ ಕೂಡ ಹಾಯುತ್ತದೆ; ಅದು ಬಾರದಿದ್ದರೆ ದ್ರವ ಹೆಚ್ಚು ಆಮ್ಲೀಯವಾಗಿ ಅದರಲ್ಲಿನ ರೋಗಾಣುನಾಶಕ ಪ್ರೋಟೀನುಗಳ ಶಕ್ತಿ ಕುಂದುತ್ತದೆ. ಆಮ್ಲೀಯತೆಯನ್ನು ತಗ್ಗಿಸಿದಾಗ ಕೊಲ್ಲುವ ಶಕ್ತಿ ಮರಳಿತು. 2012ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ದ್ರವದ ರೋಗನಾಶಕ ಶಕ್ತಿ ಕುಂದುತ್ತದೆ ಎಂಬ 1996ರ ಊಹೆ ಉಳಿಯಿತು. ಅದಕ್ಕೆ ಉಪ್ಪೇ ಕಾರಣವೆಂಬ ವಿವರಣೆಯ ಸ್ಥಾನದಲ್ಲಿ ಆಮ್ಲೀಯತೆ ಬಂದಿತು. ಎರಡನೆಯ ಕಾರಣ 2014ರಲ್ಲಿ ತಿಳಿದುಬಂದಿತು: ಲೋಳೆಯ ಎಳೆಗಳು ತಾವು ಹುಟ್ಟಿದ ಗ್ರಂಥಿಗಳ ಬಾಯಿಯಿಂದ ಕಳಚಿಕೊಳ್ಳದೆ ಅಲ್ಲಿಯೇ ಜೋತುಬೀಳುತ್ತವೆ, ಆದುದರಿಂದ ಲೋಮಾಂಗಗಳು ಬೀಸಿದರೂ ಲೋಳೆ ಮುಂದೆ ಸಾಗದು.

ಇಲಿಗಳಿಗೆ ಏಕೆ ಈ ರೋಗ ಬರುವುದಿಲ್ಲ ಎಂಬ ಹಳೆಯ ಒಗಟಿಗೂ 2016ರಲ್ಲಿ ವಿವರಣೆ ದೊರೆಯಿತು. ಮನುಷ್ಯ ಮತ್ತು ಹಂದಿಗಳ ಶ್ವಾಸನಾಳದಲ್ಲಿ ಎಟಿಪಿ12ಎ ಎಂಬ ಪ್ರೋಟೀನು ಆಮ್ಲವನ್ನು ಹೊರಹಾಕುತ್ತದೆ. ಇಲಿಗಳಲ್ಲಿ ಅದು ಅತ್ಯಲ್ಪ. ಬೈಕಾರ್ಬನೇಟ್ ಇಲ್ಲದಿದ್ದರೂ ಆಮ್ಲವೂ ಇಲ್ಲದುದರಿಂದ ಇಲಿಯ ಶ್ವಾಸನಾಳ ಸುರಕ್ಷಿತವಾಗಿರುತ್ತದೆ.

ಇತರ ಸಂಶೋಧನೆಗಳು

ಶ್ವಾಸನಾಳದ ಲೋಮಾಂಗಗಳಲ್ಲಿ ಕಹಿರುಚಿಯನ್ನು ಗ್ರಹಿಸುವ ಗ್ರಾಹಕಗಳಿವೆ, ಕಹಿ ವಸ್ತುಗಳು ತಾಕಿದಾಗ ಅವುಗಳ ಬೀಸುವಿಕೆ ಚುರುಕಾಗುತ್ತದೆ ಎಂದು ವೆಲ್ಶ್ ತಂಡ 2009ರಲ್ಲಿ ತೋರಿಸಿತು. ಲೋಮಾಂಗಗಳು ಕಸ ಗುಡಿಸುವುದರ ಜೊತೆಗೆ ಹಾನಿಕರ ವಸ್ತುಗಳನ್ನು ಗುರುತಿಸಲೂ ಬಲ್ಲವೆಂಬುದು ಇದರಿಂದ ತಿಳಿಯಿತು. ಶಿಲೀಂಧ್ರ ಸೋಂಕಿಗೆ ಬಳಸುವ ಆಂಫೊಟೆರಿಸಿನ್ ಬಿ ಔಷಧದ ಅಣುಗಳು ಪೊರೆಯಲ್ಲಿ ತಾವೇ ನಾಳಗಳಾಗಿ ಬೈಕಾರ್ಬನೇಟನ್ನು ಹಾಯಿಸಬಲ್ಲವೆಂದು ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಟಿನ್ ಬರ್ಕ್ ಮತ್ತು ಅಯೋವಾ ತಂಡದವರು 2019ರಲ್ಲಿ ವರದಿ ಮಾಡಿದರು. ಪ್ರೋಟೀನೇ ತಯಾರಾಗದ ರೋಗಿಗಳಿಗೂ ಈ ಮಾರ್ಗ ಉಪಯುಕ್ತವಾಗಬಹುದೆಂಬುದು ಅದರ ವಿಶೇಷ. ಮಿದುಳಿನಲ್ಲಿ ಆಮ್ಲವನ್ನು ಗ್ರಹಿಸುವ ಅಯಾನು ನಾಳಗಳಿಗೂ ಭಯದ ಅನುಭವಕ್ಕೂ ಇರುವ ಸಂಬಂಧವನ್ನು ಕುರಿತೂ ವೆಲ್ಶ್ ಅವರು ಸಂಶೋಧನೆ ನಡೆಸಿದ್ದಾರೆ.

ಮಿತಿಗಳು ಮತ್ತು ಉಳಿದ ಪ್ರಶ್ನೆಗಳು

ಹೊಸ ಔಷಧಗಳು ರೋಗವನ್ನು ಗುಣಪಡಿಸುವುದಿಲ್ಲ. ಅವನ್ನು ಜೀವನಪರ್ಯಂತ ಸೇವಿಸಬೇಕು. ಈಗಾಗಲೇ ಹಾಳಾದ ಶ್ವಾಸಕೋಶ ಪೂರ್ತಿಯಾಗಿ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಪ್ರೋಟೀನೇ ತಯಾರಾಗದ ಮೊದಲನೆಯ ವರ್ಗದ ರೋಗಿಗಳಿಗೆ ತಿದ್ದಲು ಏನೂ ಇಲ್ಲದುದರಿಂದ ಈ ಔಷಧಗಳಿಂದ ಪ್ರಯೋಜನವಾಗದು. ಬೆಲೆಯಂತೂ ಬಹು ದೊಡ್ಡ ಅಡ್ಡಿ: ಅಮೆರಿಕದಲ್ಲಿ ತ್ರಿವಳಿ ಔಷಧದ ಘೋಷಿತ ಬೆಲೆ ವರ್ಷಕ್ಕೆ 3 ಲಕ್ಷ ಡಾಲರ್‌ಗಳಿಗೂ ಹೆಚ್ಚು. ಭಾರತ, ದಕ್ಷಿಣ ಆಫ್ರಿಕ ಮೊದಲಾದ ದೇಶಗಳ ರೋಗಿಗಳು ಮತ್ತು ಅವರ ಕುಟುಂಬದವರು ಈ ಔಷಧ ಅಗ್ಗವಾಗಿ ದೊರೆಯಬೇಕೆಂದು 2023ರಲ್ಲಿ ಒಟ್ಟಾಗಿ ದನಿಯೆತ್ತಿದರು.

ಸಿಸ್ಟಿಕ್ ಫೈಬ್ರೋಸಿಸ್ ಬಿಳಿಯರ ರೋಗವೆಂಬ ಭಾವನೆ ಭಾರತದಲ್ಲಿ ಬಹುಕಾಲ ಇತ್ತು. ಅದು ಇಲ್ಲಿಯೂ ಇದೆ. ಬೆವರಿನ ಪರೀಕ್ಷೆಯ ಸೌಲಭ್ಯ ಎಲ್ಲೆಡೆ ಇಲ್ಲದಿರುವುದರಿಂದ ಅನೇಕ ಮಕ್ಕಳಲ್ಲಿ ಪತ್ತೆಯಾಗುವುದಿಲ್ಲ. ಬಿಡದ ಕೆಮ್ಮು, ಪದೇ ಪದೇ ಬರುವ ನ್ಯುಮೋನಿಯ, ಮೈಹತ್ತದಿರುವುದು ಇವು ಕ್ಷಯ ಅಥವಾ ಅಪೌಷ್ಟಿಕತೆಯೆಂದು ತಪ್ಪಾಗಿ ಭಾವಿಸಲ್ಪಡುವ ಸಾಧ್ಯತೆಯಿದೆ. ಬೇಸಗೆಯಲ್ಲಿ ಬೆವರಿನೊಡನೆ ಉಪ್ಪು ಅತಿಯಾಗಿ ನಷ್ಟವಾಗಿ ಶಿಶುಗಳು ಬಳಲುವುದೂ ಉಂಟು. ಭಾರತೀಯ ರೋಗಿಗಳಲ್ಲಿ ಎಫ್508ಡೆಲ್ ದೋಷದ ಪಾಲು ಯೂರೋಪಿನವರಿಗಿಂತ ಕಡಿಮೆ, ಇತರ ದೋಷಗಳ ವೈವಿಧ್ಯ ಹೆಚ್ಚು. ಆದುದರಿಂದ ರೋಗಿಯ ದೋಷ ಯಾವ ವರ್ಗದ್ದೆಂದು ತಿಳಿಯುವುದು ಇಲ್ಲಿ ಇನ್ನೂ ಅಗತ್ಯ. 1993ರ ವರ್ಗೀಕರಣದ ಉಪಯುಕ್ತತೆ ಇಲ್ಲಿಯೂ ಕಾಣುತ್ತದೆ.

ಪ್ರಶಸ್ತಿ ಮತ್ತು ಗೌರವಗಳು

- 2018: ವಾರೆನ್ ಆಲ್ಪರ್ಟ್ ಫೌಂಡೇಶನ್ ಪ್ರಶಸ್ತಿ, ಫ್ರಾನ್ಸಿಸ್ ಕಾಲಿನ್ಸ್, ಪಾಲ್ ನೆಗುಲೆಸ್ಕು, ಬಾನಿ ರಾಮ್ಸೆ ಮತ್ತು ಲ್ಯಾಪ್-ಚೀ ಸುಯ್ ಅವರೊಡನೆ.
- 2022: ಜೀವವಿಜ್ಞಾನ ಮತ್ತು ವೈದ್ಯಶಾಸ್ತ್ರದ ಶಾ ಪ್ರಶಸ್ತಿ, ಪಾಲ್ ನೆಗುಲೆಸ್ಕು ಅವರೊಡನೆ.
- 2025: ಲಾಸ್ಕರ್-ಡಿಬೇಕಿ ಚಿಕಿತ್ಸಾ ವೈದ್ಯಕೀಯ ಸಂಶೋಧನಾ ಪ್ರಶಸ್ತಿ, ಹೆಸೂಸ್ ಗೊನ್ಸಾಲೆಸ್ ಮತ್ತು ಪಾಲ್ ನೆಗುಲೆಸ್ಕು ಅವರೊಡನೆ.